ಬಾವಿ ತಿರುವಲ್ಲಿ ನಿಲ್ತಿದ್ದ ಕಾರು

ಮೆತ್ತಗೆ ಹೇಳ್ತೀನಿ, ಒಳಗೆ ನಮ್ಮತ್ತೆ ಮಲಗಿದಾರೆ. ಇದು ಅವರ ಮಗ ಮುನೀಂದ್ರನಿಗೇ ಆಗಿದ್ದು.

ಎರಡು ಸಾವಿರದ ಒಂಬತ್ತರ ಬೇಸಿಗೆ. ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸ್ಕೊಂಡು ರಾತ್ರಿ ಚಿಕ್ಕಬಾಣಾವರಕ್ಕೆ ಬರ್ತಿದ್ದ. ಹಳೇ ಬಾವಿ ತಿರುವಲ್ಲಿ ಕಾರು ನಿಂತೋಯ್ತು... ಮತ್ತೆ.

ಕಾರು ಮೊದಲು ಅವನ ಗೆಳೆಯ ಅಂಜನ್‌ದು. ಇಬ್ರೂ ಒಂದೇ ತಟ್ಟೇಲಿ ಉಂಡು ಬೆಳೆದವರು. "ಮಗಾ, ಯಾರ್ಯಾರೋ ಕೇಳಿದ್ರು. ನಿಂಗೆ ಅಂತಾನೇ ಇಟ್ಟಿದೀನಿ" ಅಂತ ಕೊಟ್ಟಿದ್ದ. ಎಲ್ಲಾ ಕಡೆ ಸಕ್ಕತ್ತಾಗಿ ಓಡೋದು. ಈ ತಿರುವಲ್ಲಿ ಮಾತ್ರ ಎಂಜಿನ್ ಸತ್ತೋಗೋದು.

ರಾಜಗೋಪಾಲನಗರದ ಮೆಕ್ಯಾನಿಕ್ ಯಮನಪ್ಪ ಪ್ಲಗ್ ಬದಲಾಯಿಸಿದ್ದ, ಪೆಟ್ರೋಲ್ ಪಂಪ್ ಬಿಚ್ಚಿ ನೋಡಿದ್ದ, ಬ್ಯಾಟರಿ ವೈರ್ ಉಜ್ಜಿ ಕೂರಿಸಿದ್ದ. ಕೊನೆಗೆ ಕೈ ಒರೆಸ್ಕೊಂಡು, "ಕರೆಂಟ್ ಬರಾಕತ್ತೈತಿ, ಪೆಟ್ರೋಲ್ ಬರಾಕತ್ತೈತಿ. ಮತ್ತ ಯಾಕ ನಿಲ್ತೈತೋ ನಂಗ ತಿಳೀವಲ್ದ್ರೀ ಅಣ್ಣ" ಅಂದಿದ್ದ.

ಅವತ್ತು ಮುನೀಂದ್ರ ಬೇಜಾರಾಗಿ ಕಾರು ಲಾಕ್ ಮಾಡಿ ನಡೆದೇಬಿಟ್ಟ. ಬಾವಿ ಕಟ್ಟೆ ದಾಟಿದಾನೆ... ಹಿಂದಿನಿಂದ ಕಿರ್‌ಕಿರ್‌ಕಿರ್... ಟಕ್.

ಯಾರೋ ಸ್ಟಾರ್ಟ್ ಮಾಡ್ತಿದಾರೆ. ಕೀ ಇವನ ಜೇಬಲ್ಲಿದೆ!

ಕಳ್ಳ ಅಂದ್ಕೊಂಡು ಓಡಿ ಬಂದ. ಒಳಗೆ ಯಾರೂ ಇಲ್ಲ. ಲಾಕ್ ತೆಗೆದು ಕೂತ. ಎಡಗಡೆ ಸೀಟಿನ ಸ್ಪ್ರಿಂಗು ಕೀಂಚ್ ಅಂತು... ಯಾರೋ ಮಗ್ಗುಲು ಬದಲಾಯಿಸಿದ ಹಾಗೆ. ಆಮೇಲೆ, ವಯಸ್ಸಾದ ಹೆಂಗಸಿನ ಪಿಸುದನಿ.

"ಅಂಜನಾ... ಆಟೋ ಸಿಕ್ತೇನಪ್ಪಾ?"

ಇವನು ಏನೂ ತೋಚದೆ "ಸಿಕ್ತು" ಅಂದ್ಬಿಟ್ಟ.

ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು.

ಪಕ್ಕಕ್ಕೆ ತಿರುಗಿ ನೋಡದೆ ಸೀದಾ ಅಂಜನ್ ಮನೆಗೆ ಹೋದ. ಅಂಜನ್ ಆಚೆ ಬಂದ. ಕಾರು ನೋಡಿ ಗೇಟ್ ಹತ್ರಾನೇ ನಿಂತ.

"ದೊಡ್ಡಮ್ಮ... ಮಾತಾಡಿದ್ರಾ?"

ಅವನನ್ನ ಸಾಕಿದ ದೊಡ್ಡಮ್ಮ, ಮಾರಕ್ಕ. ಒಂದು ರಾತ್ರಿ ಅವರಿಗೆ ಎದೆನೋವು ಬಂದು, ಅಂಜನ್ ಇದೇ ಕಾರಲ್ಲಿ ಆಸ್ಪತ್ರೆಗೆ ಹೊರಟಿದ್ದನಂತೆ. ಆ ತಿರುವಲ್ಲಿ ಕಾರು ಕೆಟ್ಟಿತು.

"ಆಟೋ ತರ್ತೀನಿ ಅಂತ ಹೋದೆ ಕಣೋ. ದಾರೀಲಿ ಹುಡುಗ್ರು ಸಿಕ್ರು... ಒಂದು ಪೆಗ್ ಅಂದ್ರು..."

"ಆಮೇಲೆ?"

"ಬೆಳಗಾದ ಮೇಲೆ ವಾಪಸ್ ಬಂದೆ."

ಮುನೀಂದ್ರನಿಗೆ ಭಯ ಹೋಗಿ ಮೈ ಉರಿಯೋಕೆ ಶುರುವಾಯ್ತು. "ಎಲ್ಲಾ ಗೊತ್ತಿದ್ದೂ ನಂಗೆ ಕೊಟ್ಟೆಯಲ್ಲೋ!"

ಅಂಜನ್ ನೆಲ ನೋಡ್ತಾ ಅಂದ, "ಬೇರೆಯವರಾದ್ರೆ ವಾಪಸ್ ತಂದು ನಿಲ್ಲಿಸ್ತಿದ್ರು. ನೀನು ನನ್ನ ಮಾತು ನಂಬ್ತೀಯ ಅಂತ..."

ಮುನೀಂದ್ರ ಕಾರು ಲಾಕ್ ಮಾಡಿ, ಕೀ ಕಾಂಪೌಂಡ್ ಮೇಲಿಟ್ಟು ನಡ್ಕೊಂಡೇ ಮನೆಗೆ ಬಂದ. ಇವತ್ತಿಗೂ ಅವರಿಬ್ಬರಿಗೆ ಮಾತಿಲ್ಲ.

ಮಾರನೇ ದಿನ ಮಧ್ಯಾಹ್ನ, ಕಾರಲ್ಲೇ ಉಳಿದಿದ್ದ ಅವನ ಟಿಫನ್ ಬ್ಯಾಗ್ ತರೋಕೆ ನಾನು ಅಂಜನ್ ಮನೆಗೆ ಹೋದೆ. ಸುಡೋ ಬಿಸಿಲು. ಕಾರು ಖಾಲಿ. ಎಡಗಡೆ ಗಾಜಿನ ಮೇಲೆ ಮಾತ್ರ ಉಸಿರು ಬಿಟ್ಟಾಗ ಕಟ್ಟುತ್ತಲ್ಲ, ಅಂಥ ಮಬ್ಬು... ಚಿಕ್ಕದಾಗೋದು, ಮತ್ತೆ ದೊಡ್ಡದಾಗೋದು. ಒರೆಸಿದೆ. ಹೋಗಲಿಲ್ಲ, ಅದು ಗಾಜಿನ ಒಳಗಡೆ ಇತ್ತು.

ಯಾರೋ ಹೇಳಿದ್ದಲ್ಲ ಕಣ್ರೀ. ಈ ಕೈಯಲ್ಲೇ ಒರೆಸಿದ್ದು.