ಹಗೇವಿನ ಬಾಯಿ

ಶ್... ಮೆತ್ತಗೆ! ಕೆಮ್ಮಬ್ಯಾಡ ಕಣಯ್ಯ! ಪೊಲೀಸ್ನೋರು ಇನ್ನೂ ಜಗಲಿ ಮ್ಯಾಲೇ ಕುಂತವ್ರೆ. ನಾನಾ? ಅಗೇವಿನ ಬಾಯಿಗೆ ಮುಚ್ಚಿರಾ ಚಪ್ಪಡಿ ಪಕ್ಕದಲ್ಲೇ ರಾಗಿ ಬೀಸ್ತಾ ಇವ್ನಿ. ಕಲ್ಲಿನ ಸದ್ದಲ್ಲಿ ನನ್ ಮಾತು ಅವ್ರಿಗೆ ಕೇಳಾಕಿಲ್ಲ. ಕೇಳಿದ್ರೂ ಬೀಸೋ ಪದ ಯೋಳ್ತಾವ್ಳೆ ಅಂದ್ಕತಾರೆ.

ಯಾಕ ನಗ್ತೀಯಾ? ರಾಗಿ ಗುಂಡಿಯೊಳ್ಗೆ ಕಂಕುಳಲ್ಲಿ ಉಂಜ ಅಮುಕ್ಕಂಡು ಗಂಡ, ಮ್ಯಾಲೆ ಕಾವಲಿಗೆ ಎಂಡ್ತಿ... ನಗೋ ಬಾಳಾ ಇದು? ಥೂ!

'ನಿನ್ ಗಂಡನ ಎಸ್ರೇನಮ್ಮ?' ಅಂದ್ರು. ಗಂಡನ ಎಸ್ರ ಎಂಡ್ತಿ ಬಾಯಲ್ಲಿ ಯೋಳ್ತಾಳಾ ಸಾ, ಅಂದೆ. ಪೆಚ್ಚಾಗಿ ಕುಂತ್ಕಂಡ್ರು! ಕೋಳಿ ಜೂಜಾಡೋರ್ನ ಕೋಳಿ ಸಮೇತ ಕೊಳ್ಳೇಗಾಲದ ಠಾಣೆಗೆ ಎಳ್ಕಂಡೋಗಾ ಕಾನೂನು ಐತಂತೆ.

ಏನಂದೆ? ಗಡಿಕಲ್ಲಿನಾಚೆ ಆಡಿದ್ರೆ ತಪ್ಪಿಲ್ವಾ? ಅಯ್ಯೋ ನನ್ ಜಾಣ! ಆಚೆ ಯಳಂದೂರು, ಮೈಸೂರು ಸೀಮೆ, ನಮ್ ಮದ್ರಾಸ್ ಪೊಲೀಸು ಅಲ್ಲಿ ಕಾಲಿಡಂಗಿಲ್ಲ ಅಂತ ತಾನೆ ಕುಂತೂರಿನ ಗಂಡಸ್ರೆಲ್ಲ ಅಲ್ಲೋಗಿ ಕೋಳಿ ಕಾದಿಸಾದು? ಗಡಿಕಲ್ಲು ದಾಟ್ದೇಟ್ಗೆ ಕೋಳಿ ರಕ್ತ ಪನ್ನೀರಾಯ್ತದಾ?

ಅಸಯ್ಯ ಕಣಯ್ಯ ನಂಗೆ. ಓದ್ ಸಲ ಬುತ್ತಿ ಕೊಡಾಕ್ ಬಂದು ಕಣ್ಣಾರೆ ಕಂಡ್ನಲ್ಲ... ಎದುರಿನ ಉಂಜದ ಕಾಲಿಗೆ ಕಟ್ಟಿದ್ದ ಕತ್ತಿ ಇದ್ರ ಕತ್ತು ಸೀಳ್ತು. ನೀನೇನ್ ಮಾಡ್ದೆ? ಎತ್ಕಂಡು, ಅದ್ಕೆ ಉಸ್ರು ಕಟ್ಟದಂಗೆ ಕೊಕ್ಕ ಬಾಯಲ್ಲಿಟ್ಕಂಡು ರಕ್ತ ಈರ್ದೆ! ಈರಿ ಈರಿ ಉಗುದೆ! ಮೀಸೆ ಗಡ್ಡವೆಲ್ಲ ರಕ್ತ, ಪುಕ್ಕ... ಸಂಜೀಕೆ ಅದೇ ಬಾಯಲ್ಲಿ ಬಂದು ಮಗೀಗೆ ಮುತ್ತು ಕೊಟ್ಯಲ್ಲ! ಆವತ್ತಿಂದ ನೀನುಂಡ ತಣಿಗೆ ತೊಳ್ಯಾಕೂ ವಾಕರಿಕೆ ಬತ್ತದೆ.

ಏನು? ಸೆಕೆನಾ? ಬೇಯಿ, ಇನ್ನೊಸಿ ಬೇಯಿ. ಉಂಜ ತೂಕಡಿಸ್ತದಾ? ತೂಕಡಿಸ್ಲಿ ಮುಂಡೇದು! ಗಾಳಿ ಇಲ್ವಾ? ಬೆರಳಗಲ ಸಂದು ಬಿಟ್ಟಿವ್ನಲ್ಲ. ನಿನ್ನೆ ತಾನೆ ದೀಪ ಇಳಿಸಿ, ಅದು ಆರ್ದೆ ಇದ್ದದ್ದ ನೋಡ್ಕಂಡು ನೀನೇ ಇಳ್ದು ರಾಗಿ ತೋಡ್ದೆ. ಒಂದಿನಕ್ಕೆ ಗಾಳಿ ಎಲ್ಲಿಗೋಯ್ತದೆ? ಚಪ್ಪಡಿ ಸರ್ಸಾದಾ? ಅಯ್ಯಪ್ಪ! ಅಗೋ, ಒಬ್ಬ ಎದ್ದು ಒಳೀಕೇ ಬಗ್ಗಿ ನೋಡ್ತಾವ್ನೆ... ಶ್!

ಇವತ್ತಿನ ಪಂದ್ಯಕ್ಕೆ ಎಮ್ಮೇನೇ ಒಡ್ಡಿದ್ಯಂತಲ್ಲ? ನೋಡು, ಗಪ್‌ಚಿಪ್ಪಾದೆ! ಪಕ್ಕದ್ಮನೆ ದೊಡ್ಡಮಾದಯ್ಯನ ಎಂಡ್ತಿ ಬಾವಿ ತಾವ ಎಲ್ಲಾನೂ ಯೋಳಿದ್ಳು. ನನ್ ಎದೇಲಿ ಆಲು ಬತ್ತಿ ಎಷ್ಟ್ ದಿನ ಆಯ್ತು? ಮಗ ಬದುಕಿರಾದೇ ಆ ಎಮ್ಮೆ ಆಲಿಂದ. ಅದ್ನ ಒಯ್ದು ಕೋಳಿ ಕಾಲಿಗೆ ಕಟ್ಟಾಕೆ ಮನ್ಸನಾ ನೀನು? ನಿನ್ ಜಲ್ಮಕ್ಕಿಷ್ಟು ಬೆಂಕಿ ಆಕ!

ಒತ್ತು ಇಳೀತು. ಪಂದ್ಯ ಮುಗ್ದಿರ್ತದೆ. ಉಂಜ ಕಣಕ್ಕೇ ಇಳೀನಿಲ್ಲ, ನಮ್ ಎಮ್ಮೆ ಉಳ್ಕತು. ಬಯ್ಯಿ, ಈಗ ಎಷ್ಟ್ ಬೇಕಾದ್ರೂ ಬಯ್ಯಿ.

ಯಾಕ ಮಾತಾಡಾಕಿಲ್ಲ? ಕ್ವಾಪವಾ? ಗ್ವಾಡೇನಾದ್ರೂ ತಟ್ಟು... ಅಯ್ಯಾ, ಬಿಗುಮಾನ ನೋಡು! ಕಲ್ಲು ನಿಲ್ಸಿವ್ನಿ, ಕೇಳ್ತದಾ? ಉಂಜನೂ ಸದ್ದಿಲ್ಲ... ಏ ಮಗೀನಪ್ಪ, ತಮಾಸೆ ಮಾಡ್ಬ್ಯಾಡ. ಇರು, ಸರಿಸ್ತೀನಿ... ಉಸ್ಸಪ್ಪಾ! ಏನು ಬಿಸಿ ಒಳ್ಗೆ! ದೀಪ ಇಳಿಸ್ತೀನಿ, ತಾಳು, ಅಗ್ಗ ಎಲ್ಲೋಯ್ತು... ಕಾಣ್ತದಾ? ಇನ್ನೊಂಚೂರು... ಅಯ್ಯೋ! ಆರೋಯ್ತು! ದೀಪ ಆರೋಯ್ತು!

ದೊಡ್ಡಮಾದಯ್ಯಣ್ಣಾ! ಅಗ್ಗ ತಕಂಡು ಬಾರಣ್ಣೋ!

ಏಳಯ್ಯ, ಮ್ಯಾಲಕ್ಕೆ ಬಾ. ಜಗಲೀಲಿ ಯಾರೂ ಇಲ್ಲ. ಪೊಲೀಸ್ನೋರು ಬಂದೇ ಇಲ್ಲ ಕಣಯ್ಯ! ಎಮ್ಮೆ ಉಳೀಲಿ ಅಂತ ನಾನೇ ಪೊಲೀಸು ಪೊಲೀಸು ಅಂತ ಸುಳ್ಸುಳ್ಳೇ ಕೂಗ್ದೆ... ಪುಟ್ಟಸಿದ್ದಯ್ಯಾ! ಪುಟ್ಟಸಿದ್ದಯ್ಯೋ! ಕೇಳ್ತದಾ? ನಿನ್ ಎಸ್ರಿಡ್ದು ಕೂಗ್ತಾವ್ನಿ... ಒಂದ್ಸಲ ಬಯ್ಯಿ!