ಮಿನುಯೆಟ್ ಎಲ್ಲಿ ಕೆಟ್ಟಿತು

ಲಿಫ್ಟಿನ ಬಾಗಿಲನ್ನು ಯಾರೋ ಹೊರಗಿನಿಂದ ತಟ್ಟಿದರು. “ಸ್ವಲ್ಪ ತಡೀರಿ, ತೆಗೀತೀವಿ.”

ವಿಯೆನ್ನಾದ ಆ ಸಂಗೀತಭವನದಲ್ಲಿ ಕಚೇರಿ ಆಗಷ್ಟೇ ಮುಗಿದಿತ್ತು; ಮಿನುಯೆಟ್ ಎಂಬ ನೃತ್ಯಲಯದ ಭಾಗ ಅದರಲ್ಲಿ ಕೆಟ್ಟಿತ್ತು. ವಿಯೋಲಾ ನುಡಿಸುವ ಹೆಡ್ವಿಗ್, ಚೆಲ್ಲೋ ನುಡಿಸುವ ಓಟೋಕಾರ್ ಇಬ್ಬರ ಜೊತೆ, ಭವನಕ್ಕೆ ಬಂದವರ ಕೋಟು ಕಾಯುವ ಹರ್ಮಿನ್ ಕೂಡ ಕೆಟ್ಟುನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದಳು. ಕ್ಲಾರಿನೆಟ್ ನುಡಿಸುವ ಗುಂಡುಲಾ ಅಳುತ್ತ ಕೋಟು ಪಡೆದದ್ದು ಹರ್ಮಿನ್‌ಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

“ಗುಂಡುಲಾನ ಇವತ್ತೇ ಗುಂಪಿಂದ ತೆಗೀತಾರಂತೆ,” ಎಂದಳು ಹೆಡ್ವಿಗ್.

“ಮಿನುಯೆಟ್ ಕೆಡಿಸಿದ್ದು ಅವಳೇ ತಾನೆ?” ಎಂದ ಓಟೋಕಾರ್.

“ನಡುವಿನ ಭಾಗ ಮುಗಿಸಿ ಮಿನುಯೆಟ್‌ಗೆ ವಾಪಸ್ ಬಂದಾಗ ಒಂದೊಂದು ಖಂಡ ಎಷ್ಟು ಸಲ ನುಡಿಸ್ತೀವಿ?” ಹೆಡ್ವಿಗ್ ಕೇಳಿದಳು.

“ಒಂದೇ ಸಲ. ಕಲಿಯೋ ಮಕ್ಕಳಿಗೂ ಗೊತ್ತು.”

“ಅವಳು ಒಂದು ಸಲ ನುಡಿಸಿ ಮುಂದೆ ಹೋದ್ಲು. ತಂತಿವಾದ್ಯದ ನಾವು ನಾಲ್ವರೂ ಅದನ್ನೇ ಇನ್ನೊಮ್ಮೆ ಶುರು ಮಾಡಿದ್ವಿ.”

“ನಾಲ್ವರೂ ಒಟ್ಟಿಗೆ ಹೇಗೆ ತಪ್ತೀವಿ, ಮಾರಾಯ್ತಿ?”

“ನೀನು ಯಾರ ಪಿಟೀಲಿನ ಕಮಾನು ನೋಡ್ಕೊಂಡು ನುಡಿಸ್ತೀಯ?”

ಓಟೋಕಾರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಅವನ ಹೆಸರೆತ್ತಿದ್ರೆ ನಮಗೂ ಜಾಗ ಇರಲ್ಲ.”

“ಎತ್ತದಿದ್ರೆ ನಾನು ಈ ಲಿಫ್ಟಿನ ಪೆಟ್ಟಿಗೆಯಿಂದ ಹೊರಗೆ ಬಂದ ಹಾಗೇ ಅಲ್ಲ.”

ಬಾಗಿಲು ತೆರೆಯಿತು. ಮೊದಲ ಪಿಟೀಲು ನುಡಿಸುವ, ಗುಂಪಿನ ಯಜಮಾನ ಎದುರಿಗೇ ನಿಂತಿದ್ದ.

“ಈಗ ಹೇಳಿ, ಕೆಡಿಸಿದ್ದು ಯಾರು?”

ಹೆಡ್ವಿಗ್ ವಿಯೋಲಾವನ್ನು ಹೆಗಲಿಗೇರಿಸಿ ಅವನನ್ನು ದಾಟಿ ನಡೆದಳು.

“ನೀನೇ, ಎಗೋನ್.”