ವಾಜಿದನ ಕಡೆಯ ಬಾಗಿಲು

ಇದು ಮದ್ದೂರಲ್ಲಿ ತಗಡಿನ ಕೆಲಸ ಮಾಡ್ತಿದ್ದ ಗಫಾರ್‌ಗೆ ಆದದ್ದು. ಯುದ್ಧ ನಡೀತಿದ್ದ ಕಾಲ. ಅವನ ಶೆಡ್ಡು, ನಮ್ಮನೆ ಗೋಡೆಗೆ ಗೋಡೆ.

ಆ ರಾತ್ರಿ ಗಫಾರ್ ಆಲದ ಮರ ದಾಟಿ ಮನೆ ಕಡೆ ಹೊರಟಿದ್ದ. ಹಿಂದಿನಿಂದ, ಶೆಡ್ಡಿನ ಕಡೆಯಿಂದ ಸದ್ದು ಬಂತು. ದಪ್... ದಪ್... ಸುತ್ತಿಗೆಯದಲ್ಲ. ಒದ್ದೆ ಅಂಗೈಯಲ್ಲಿ ತಗಡು ಬಡಿದ ಹಾಗೆ.

ಶೆಡ್ಡಿನಲ್ಲಿ ಇದ್ದದ್ದು ಒಂದೇ ಮೋಟಾರು ಗಾಡಿ. ಮಳವಳ್ಳಿ ಕಡೆಯ ಸಾಹುಕಾರ ಜವರಯ್ಯನದು. ಮಳೆಗಾಲದಲ್ಲಿ ಶಿಂಷಾ ಹೊಳೆ ಅದನ್ನ ಎಳಕೊಂಡು ಹೋಗಿತ್ತು. ಓಡಿಸುತ್ತಿದ್ದವನು ಗಫಾರನ ತಮ್ಮ ವಾಜಿದ್. ನೀರಿಳಿದ ಮೇಲೆ ಎತ್ತು ಕಟ್ಟಿ ಗಾಡಿ ಎಳೆದರು. ವಾಜಿದ್ ಮಾತ್ರ ಸಿಗಲಿಲ್ಲ.

ಆ ಗಾಡಿಯ ತುಕ್ಕು ಕೆರೆಯಲು ಗಫಾರ್ ಒಪ್ಪಿದ್ದೇ ತಮ್ಮನ ಗುರುತು ಏನಾದರೂ ಸಿಕ್ಕೀತು ಅಂತ. ತಮ್ಮನ ಹೆಂಡತಿ ನಜ್ಮುನ್ನೀಸಾ ದಿನಾ ಬಂದು ನಿಲ್ಲುತ್ತಿದ್ದಳು.

"ಭಾಯಿಜಾನ್, ಏನಾದ್ರೂ ಸಿಕ್ತಾ?"

ಬಳೆ ತೆಗಿ ಅಂತ ಯಾರು ಹೇಳಿದರೂ ಅವಳು ತೆಗೆದಿರಲಿಲ್ಲ.

ಗಾಡಿಯ ತಳವೆಲ್ಲ ತುಕ್ಕು ತಿಂದು ಜರಡಿಯಾಗಿತ್ತು. ಡ್ರೈವರ್ ಕಡೆ ಬಾಗಿಲು ಕಚ್ಚಿಕೊಂಡು ಕೂತಿತ್ತು. ಜವರಯ್ಯನಿಗೆ ಮಗಳ ಮದುವೆಯ ಅವಸರ.

"ಅದ ತೆಗೀಬ್ಯಾಡ ಕಣ್ಲಾ. ಮ್ಯಾಲೆ ತಗಡು ಹೊಡೆದು ಮುಚ್ಚಿಬುಡು."

"ಬುದ್ಧಿ, ನನ್ ತಮ್ಮ ಅದೇ ಬಾಗ್ಲಲ್ಲಿ..."

"ಸತ್ತೋನು ಎದ್ ಬತ್ತಾನೇನ್ಲಾ?"

ಗಫಾರ್ ಹಲ್ಲು ಕಚ್ಚಿ ಹೊಸ ತಗಡು ಹೊದಿಸಿ ರಿವೀಟು ಮೊಳೆ ಬಡಿದ. ಬೆಳಗ್ಗೆ ನೋಡಿದರೆ ತಗಡು ಒಳಗಿನಿಂದ ಉಬ್ಬಿತ್ತು. ಅಂಗೈಯಗಲ. ಬಡಿದು ಸಮ ಮಾಡಿದ. ಮತ್ತೆ ಉಬ್ಬಿತು. ಬಡಿದ. ಮತ್ತೆ... ದಿನಾ ಇದೇ. ಊಟ ಸೇರದೆ ಗಫಾರ್ ಕಡ್ಡಿಯಾದ.

ಆ ರಾತ್ರಿ ಸದ್ದು ಕೇಳಿ ಆಲದ ಮರದಿಂದ ವಾಪಸು ಓಡಿದ. ಶೆಡ್ಡಿನ ಕತ್ತಲಲ್ಲಿ ನಜ್ಮುನ್ನೀಸಾ ಆಗಲೇ ಗಾಡಿಗೆ ಕಿವಿಯಿಟ್ಟು ನಿಂತಿದ್ದಳು.

"ಶ್... ಉಸಿರಾಡ್ತಾವ್ರೆ," ಅಂದಳು.

ಗಫಾರ್ ತಾನೂ ತಗಡಿಗೆ ಕಿವಿಯಿಟ್ಟ.

"ಒಡೀರಿ ಭಾಯಿಜಾನ್... ನಿಮ್ ಕಾಲಿಗೆ ಬೀಳ್ತೀನಿ..."

ಉಳಿಯಿಟ್ಟು ರಿವೀಟಿನ ತಲೆ ಹಾರಿಸಿದ. ಠಣ್! ಠಣ್! ಒಳಗಿನ ಬಡಿತ ಜೋರಾಯಿತು. ದಪದಪದಪ... ಸುತ್ತಿಗೆ ಜಾರಿ ಹೆಬ್ಬೆರಳು ಜಜ್ಜಿತು. ಗಫಾರ್ ನಿಲ್ಲಿಸಲಿಲ್ಲ.

"ತಡಿ ಕಣ್ಲಾ ವಾಜಿದ್... ಬಂದೆ... ತಡಿ..."

ಬಾಗಿಲು ಕರಕರ ಅಂತ ಕಿತ್ತುಬಂತು.

ನೀರು! ಮೊಣಕಾಲುದ್ದದ ನೀರು ಭೋರೆಂದು ಹೊರಗೆ ನುಗ್ಗಿತು. ತಳವೇ ಇಲ್ಲದ ಆ ಗಾಡಿಯೊಳಗಿಂದ! ಆಮೇಲೆ... ಏನೂ ಇಲ್ಲ. ಖಾಲಿ ಸೀಟು.

ನಜ್ಮುನ್ನೀಸಾ ಸೀಟಿನ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತಂತೆ. ಅಲ್ಲೇ ಕುಸಿದು, ಗಂಡನ ಹೆಸರು ಹಿಡಿದು ಮೊದಲ ಸಲ ಅತ್ತಳು. ಬೆಳಿಗ್ಗೆ ಬಳೆ ತೆಗೆದಳು. ಆ ಸದ್ದು ಮತ್ತೆ ಬರಲಿಲ್ಲ. ಜವರಯ್ಯ ಎಷ್ಟು ಬೈದರೂ ಗಫಾರ್ ಬಾಗಿಲು ಮುಚ್ಚಲಿಲ್ಲ. ಗಾಡಿ ಬಾಗಿಲಿಲ್ಲದೆ ಹಾಗೇ ಹೋಯಿತು.

ಕಟ್ಟುಕತೆ ಅಂತೀರಾ? ಅಳು ಕೇಳಿ ಲಾಟೀನು ಹಿಡಿದು ಓಡಿದವನು ನಮ್ಮಪ್ಪ. ಶೆಡ್ಡಿನ ನೆಲದಲ್ಲಿ ಬೆರಳುದ್ದದ ಮೀನೊಂದು ವಿಲವಿಲ ಒದ್ದಾಡುತ್ತಿತ್ತು. ಅವನೇ ಎತ್ತಿ ತಂಬಿಗೆ ನೀರಿಗೆ ಬಿಟ್ಟ. ಬೆಳಗಾದರೂ ಈಜುತ್ತಿತ್ತು.